ನಮ್ಮ ಕಡೆಯಿಂದ ಓಡಿದವರು

1/9
ಫೋಟೋ: ಅಣಶಿ ಘಟ್ಟದ ಒಂದು ತಿರುವು. ಮಳೆ ನಿಂತು ಹತ್ತು ನಿಮಿಷ ಆಗಿತ್ತು.

ಹೋದ ತಿಂಗಳು ಇದೇ ಘಟ್ಟದ ಇನ್ನೊಂದು ಫೋಟೋ ಹಾಕಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ರು: "ಸರ್, ನಿಮ್ಮ ಕಡೆ ಹುಲಿ ಇದೆ, ಮಂಗಟ್ಟೆ ಇದೆ, ಕಾಳಿ ನದಿ ಇದೆ. ಹೆಸರು ಹೇಳುವಂಥ ಒಬ್ಬ ಆಟಗಾರ ಯಾಕಿಲ್ಲ?" ಕೆಣಕೋಕೆ ಕೇಳಿದ್ದಲ್ಲ, ಕುತೂಹಲಕ್ಕೆ ಕೇಳಿದ್ದು. ನಾನು ಒಂದು ನಗುವ ಮುಖ ಹಾಕಿ ಸುಮ್ಮನಾದೆ.

ಆದ್ರೆ ಆ ಪ್ರಶ್ನೆ ಸುಮ್ಮನಾಗ್ಲಿಲ್ಲ. ನಾನು ಹುಟ್ಟಿದ್ದು ಅಣಶಿ ಕಡೆ. ಕೆಲಸ ಮಾಡೋದು ಹಳಿಯಾಳ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ, ದೈಹಿಕ ಶಿಕ್ಷಕನಾಗಿ. ಸೀಟಿ ಊದೋದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯೋದು, ಮಕ್ಕಳನ್ನ ಟೆಂಪೋದಲ್ಲಿ ತುಂಬಿಕೊಂಡು ಕ್ರೀಡಾಕೂಟಕ್ಕೆ ಹೋಗೋದು. ಈ ಪ್ರಶ್ನೆ ನನ್ನನ್ನೇ ಕೇಳಿದ ಹಾಗಿತ್ತು.

ಅದೇ ವಾರ ಇನ್ನೊಂದು ಪ್ರಶ್ನೆ ಬಂತು. ನಮ್ಮ ಶಾಲೆಯ ಏಳನೇ ತರಗತಿಯ ಒಬ್ಬಳು ಹುಡುಗಿ ತಾಲೂಕು ಕೂಟದಲ್ಲಿ 400 ಮೀಟರ್, 600 ಮೀಟರ್ ಎರಡರಲ್ಲೂ ಮೊದಲು ಬಂದಿದ್ಲು. ಎರಡನೆಯವಳಿಗೂ ಇವಳಿಗೂ ನಡುವೆ ಒಂದು ಎತ್ತಿನಗಾಡಿ ತಿರುಗಿಸುವಷ್ಟು ಜಾಗ. ಎಂಟನೇ ತರಗತಿಗೆ ಕ್ರೀಡಾ ಹಾಸ್ಟೆಲಿಗೆ ಕಳಿಸೋಣ ಅಂತ ಅವಳ ತಾಯಿಗೆ ಹೇಳೋಕೆ ಹೋದೆ. ಕಬ್ಬಿನ ಗದ್ದೆಯಿಂದ ಆಗಷ್ಟೇ ಬಂದಿದ್ರು, ಕುಡಗೋಲು ಇನ್ನೂ ಕೈಯಲ್ಲೇ ಇತ್ತು. ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದ್ರು.

"ಅಕಿ ಓಡ್ತಾಳ, ನನಗೂ ಗೊತ್ತೈತಿ ಮಾಸ್ತರ್ರ. ಆದ್ರ ನಡುವ ಬಿಟ್ಟರ?"

ಓದೋರ ಪ್ರಶ್ನೆ, ತಾಯಿಯ ಪ್ರಶ್ನೆ, ಎರಡೂ ಒಂದೇ ಕಡೆ ಹೋಗಿ ಸೇರ್ತವೆ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಈ ಸರಣಿ.

(ಹುಡುಗಿಯ ಹೆಸರು, ಊರು, ಮುಖ ಯಾವುದೂ ಇಲ್ಲಿ ಬರಲ್ಲ. ಅವಳಿಗಿನ್ನೂ ಹದಿಮೂರು.)

2/9
ಫೋಟೋ: ಶಾಲೆಯ ಮೈದಾನ, ಬೆಳಗ್ಗೆ ಆರೂವರೆ. ಇಬ್ಬನಿಯಲ್ಲಿ ಸುಣ್ಣದ ಗೆರೆ ಅರ್ಧ ಅಳಿಸಿದೆ.

ಮೊದಲು ಆ ಓದುಗರಿಗೆ ಉತ್ತರ. ಹೆಸರು ಇದಾವೆ. ನಮಗೆ ಗೊತ್ತಿಲ್ಲ, ಅಷ್ಟೇ.

ಕಮಲಾ ಬಾಬು ಸಿದ್ದಿ. ಹೆಪ್ಟಾಥ್ಲಾನ್ ಆಡಿ ದೇಶವನ್ನು ಪ್ರತಿನಿಧಿಸಿದವರು. ಹೆಪ್ಟಾಥ್ಲಾನ್ ಅಂದ್ರೆ ಎರಡು ದಿನದಲ್ಲಿ ಏಳು ಸ್ಪರ್ಧೆ. ಮೊದಲ ದಿನ 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್. ಎರಡನೇ ದಿನ ಉದ್ದ ಜಿಗಿತ, ಜಾವೆಲಿನ್, ಕೊನೆಗೆ 800 ಮೀಟರ್. ಮೈಯಲ್ಲಿ ಶಕ್ತಿಯೆಲ್ಲ ಮುಗಿದ ಮೇಲೆ ಆ 800. ನಮ್ಮ ಶಾಲೆಗಳಲ್ಲಿ ಒಬ್ಬ ಹುಡುಗಿಗೆ ಎರಡು ಸ್ಪರ್ಧೆಗೆ ತಯಾರಿ ಮಾಡಿಸೋದೇ ಕಷ್ಟ. ಏಳಕ್ಕೆ ತಯಾರಾಗೋದು ಅಂದ್ರೆ ಏನು ಅಂತ ನನಗೆ ಗೊತ್ತು, ಅದಕ್ಕೆ ಈ ಹೆಸರು ಮೊದಲು.

ಜೂಜೆ ಜಾಕಿ ಹರ್ನೋಡ್ಕರ್, ಫಿಲಿಪ್ ಆಂಟನಿ ಸಿದ್ದಿ. ಇವರೂ ಅದೇ ಕಾಲದಲ್ಲಿ ನಮ್ಮ ಜಿಲ್ಲೆಯಿಂದ ಹೊರಟು ರಾಷ್ಟ್ರಮಟ್ಟದ ಅಂಗಳ ಮುಟ್ಟಿದ ಓಟಗಾರರು.

ಎಲ್ಲರೂ ಸಿದ್ದಿ ಸಮುದಾಯದವರು. ಹೊರಗಿನ ಓದುಗರಿಗೆ ಸ್ವಲ್ಪ ಹಿನ್ನೆಲೆ: ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಹಲವರನ್ನ ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದ್ರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿ ತಾಲೂಕುಗಳಲ್ಲಿ ಈಗಲೂ ಇದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಬೇಕಾದ್ರೆ ಮರಾಠಿಯೂ ಬರತ್ತೆ. ಬೆಂಗಳೂರಿಗೆ ಹೋದ್ರೆ ಮಾತ್ರ ಆಟೋದವರು "ಯಾವ ದೇಶ?" ಅಂತ ಇಂಗ್ಲಿಷಲ್ಲಿ ಕೇಳ್ತಾರೆ.

"ಹಳಿಯಾಳ್ರಿ" ಅಂದ್ರೆ ಅವರು ಕನ್ನಡಿಯಲ್ಲಿ ಎರಡು ಸಲ ನೋಡ್ತಾರೆ.

3/9
ಫೋಟೋ: ಸೂಪಾ ಅಣೆಕಟ್ಟಿನ ಹಿನ್ನೀರು. ಇದರ ಕೆಳಗೆ ಹಳೇ ಸೂಪಾ ಇದೆ.

ನಮ್ಮ ಕಡೆ 1987 ದೊಡ್ಡ ವರ್ಷ. ಸೂಪಾ ಅಣೆಕಟ್ಟು ಮುಗಿದದ್ದು ಆಗ. ಅಣಶಿ ರಾಷ್ಟ್ರೀಯ ಉದ್ಯಾನ ಆದದ್ದೂ ಆಗಲೇ. ಒಂದು ಕಡೆ ಊರು ನೀರಿಗೆ ಹೋಯ್ತು, ಇನ್ನೊಂದು ಕಡೆ ಕಾಡಿಗೆ ಕಾನೂನು ಬಂತು. ಅದೇ ವರ್ಷ ದೆಹಲಿ ಕಡೆಯಿಂದ ಬಂದವರು ಸಿದ್ದಿ ಕೇರಿಗಳ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಓಡಿಸಿ ನೋಡಿದ್ರು.

ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಆಯ್ತು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಅದೇ ವರ್ಷ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನ ಕಂಚನ್ನ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಳಕೊಂಡ್ರು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಇಡೀ ಭಾರತಕ್ಕೆ ಬಂದದ್ದು 5 ಚಿನ್ನ. ಅದರಲ್ಲಿ 4ರಲ್ಲಿ ಉಷಾ ಇದ್ರು. ಐದನೆಯದು ಕುಸ್ತಿಯ ಕರ್ತಾರ್ ಸಿಂಗ್ ಅವರದ್ದು. ಇಷ್ಟು ದೊಡ್ಡ ದೇಶ ಒಬ್ಬಳು ಹೆಣ್ಣುಮಗಳ ಕಾಲಿನ ಮೇಲೆ ನಿಂತಿತ್ತು.

ಹಾಗಾಗಿ ಪ್ರಾಧಿಕಾರ 'ವಿಶೇಷ ಪ್ರದೇಶ ಕ್ರೀಡೆ' ಅನ್ನೋ ಯೋಜನೆ ಮಾಡ್ತು. ಪೇಟೆ ಬಿಟ್ಟು ಕಾಡು, ಗುಡ್ಡ, ಕರಾವಳಿಗೆ ಹೋಗಿ ಪ್ರತಿಭೆ ಹುಡುಕೋದು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವೆ ನಮ್ಮ ಕರಾವಳಿಯವರೇ, ಮಾರ್ಗರೆಟ್ ಆಳ್ವ. ರಾಜಸ್ಥಾನದ ಬುಡಕಟ್ಟು ಹಳ್ಳಿಯಿಂದ ಬಿಲ್ಲುಗಾರ ಲಿಂಬಾ ರಾಮ್ ಸಿಕ್ಕಿದ್ದು ಇದೇ ಯೋಜನೆಯಲ್ಲಿ, ಇದೇ 1987ರಲ್ಲಿ. ಮುಂದಿನ ವರ್ಷವೇ ಅವರು ಒಲಿಂಪಿಕ್ಸ್‌ಗೆ ಹೋದ್ರು.

ನಮ್ಮ ಕಡೆಗೆ ಬಂದಾಗ ಲೆಕ್ಕಾಚಾರ ಇನ್ನೂ ಸರಳ ಇತ್ತು. ಒಲಿಂಪಿಕ್ಸ್‌ನಲ್ಲಿ ಓಟ ಗೆಲ್ಲೋರು ಆಫ್ರಿಕಾ ಮೂಲದವರು. ನಮ್ಮಲ್ಲೇ ಆಫ್ರಿಕಾ ಮೂಲದವರು ಇದಾರೆ. ಹಾಗಾದ್ರೆ ಪದಕ ಇಲ್ಲೇ ಕಾಡಲ್ಲಿದೆ, ಹೋಗಿ ತರೋಣ.

ಆಯ್ಕೆಯಾದ ಮಕ್ಕಳನ್ನ ತರಬೇತಿ ಕೇಂದ್ರಗಳಿಗೆ ಕರಕೊಂಡು ಹೋದ್ರು. ಕಾಲಿಗೆ ಮೊದಲ ಬೂಟು ಹಾಕಿದ್ದು, ಹೊತ್ತಿಗೆ ಸರಿಯಾಗಿ ಮೊಟ್ಟೆ ಹಾಲು ಕಂಡಿದ್ದು, ಕೆಂಪು ಸಿಂಥೆಟಿಕ್ ಟ್ರ್ಯಾಕ್ ಮೇಲೆ ಕಾಲಿಟ್ಟಿದ್ದು ಎಷ್ಟೋ ಮಕ್ಕಳಿಗೆ ಅದೇ ಮೊದಲು. ಓಡಿದ್ರು. ಪದಕಗಳೂ ಬರೋಕೆ ಶುರುವಾದ್ವು.

4/9
ಫೋಟೋ: ನನ್ನ ಸ್ಟಾಪ್‌ವಾಚ್. ಗಾಜು ಒಡೆದಿದೆ, ಟೈಮ್ ಸರಿ ಇದೆ.

1993ರ ಹೊತ್ತಿಗೆ ಸಿದ್ದಿ ಮಕ್ಕಳ ಆ ಕಾರ್ಯಕ್ರಮ ನಿಂತಿತು.

ಇಲ್ಲಿ ಒಂದು ಲೆಕ್ಕ ಹಾಕೋಣ. ನಾನು ಪಿಟಿ ಮಾಸ್ತರ, ನನಗೆ ಬರೋದು ಟೈಮಿನ ಲೆಕ್ಕ ಮಾತ್ರ.

ಉಷಾ ಅವರನ್ನ ಕೋಚ್ ಓ.ಎಂ. ನಂಬಿಯಾರ್ ಗುರುತಿಸಿದ್ದು 1976ರಲ್ಲಿ. ಹುಡುಗಿಗೆ ಆಗ 12. ಆರನೇ ವರ್ಷಕ್ಕೆ, 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ, 2 ಬೆಳ್ಳಿ. ಎಂಟನೇ ವರ್ಷಕ್ಕೆ ಲಾಸ್ ಏಂಜಲೀಸ್‌ನ ಆ ನಾಲ್ಕನೇ ಸ್ಥಾನ. ಒಂಬತ್ತನೇ ವರ್ಷಕ್ಕೆ, 1985ರ ಜಕಾರ್ತಾ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ, 5 ಚಿನ್ನ. ಇಷ್ಟೂ ವರ್ಷ ಅದೇ ಕೋಚ್, ಅದೇ ಕಣ್ಣು.

ಈಗ ನಮ್ಮ ಮಕ್ಕಳ ಲೆಕ್ಕ. 1987ರಲ್ಲಿ 13 ವರ್ಷದ ಹುಡುಗನನ್ನ ಆರಿಸಿದ್ರು ಅಂದ್ಕೊಳ್ಳಿ. 1993ಕ್ಕೆ ಅವನಿಗೆ 19. ಓಟಗಾರರ ಒಳ್ಳೇ ವರ್ಷಗಳು ಸಾಮಾನ್ಯವಾಗಿ ಇಪ್ಪತ್ತರ ನಂತರ ಬರ್ತವೆ. ಅಂದ್ರೆ ಭತ್ತ ತೆನೆ ಹಿಡಿಯೋ ಹೊತ್ತಿಗೆ ನೀರು ಕಟ್ಟಿದ ಹಾಗೆ. ಆಮೇಲೆ "ಈ ಗದ್ದೆಯಲ್ಲಿ ಬೆಳೆ ಬರಲ್ಲ" ಅಂತ ಬರೆದ ಹಾಗೆ.

ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ತು. ಅವರ ಮನೆಗಳು ಬದಲಾದ್ವು, ಮಕ್ಕಳು ಓದಿದ್ರು. ಅದು ಸಣ್ಣದಲ್ಲ. ಆದ್ರೆ ನೌಕರಿ ಸಿಗುವಷ್ಟು ಮೇಲೆ ಹೋಗೋ ಮೊದಲೇ ವಾಪಸ್ ಬಂದವರೂ ಇದ್ರು. ಅವರಿಗೆ ಮೀಸಲಾತಿಯ ಆಸರೆಯೂ ಇರಲಿಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಂದ್ರೆ ಕಾರ್ಯಕ್ರಮ ನಿಂತು ಹತ್ತು ವರ್ಷ ಆದ ಮೇಲೆ.

ಆ ತಾಯಿಯ "ನಡುವ ಬಿಟ್ಟರ?" ಹೆದರಿಕೆಯ ಮಾತಲ್ಲ, ಅಜ್ಞಾನದ ಮಾತಂತೂ ಅಲ್ಲವೇ ಅಲ್ಲ. ಅದು ನೆನಪು. ನಡುವೆ ಬಿಟ್ಟದ್ದನ್ನ ಈ ಸೀಮೆಯ ಕೇರಿಗಳು ಕಣ್ಣಾರೆ ಕಂಡಿದಾವೆ.

5/9
ಫೋಟೋ: ಕಾಡಿನ ಕಾಲುದಾರಿ. ಎಷ್ಟೋ ಮಕ್ಕಳಿಗೆ ಇದೇ ಶಾಲೆಯ ದಾರಿ.

ಇದು ನನ್ನ ತಪ್ಪೊಪ್ಪಿಗೆಯ ಪೋಸ್ಟ್.

ನಾನು ಹೈಸ್ಕೂಲು ಓದಿದ್ದು ಹಾಸ್ಟೆಲಲ್ಲಿದ್ದು, ಕಾರ್ಯಕ್ರಮ ನಿಂತ ಎರಡು ಮೂರು ವರ್ಷದ ಮೇಲೆ. ನಾನೂ ಓಡ್ತಿದ್ದೆ. ಅಣಶಿ ಕಡೆ ಹುಟ್ಟಿದವನಿಗೆ ಏರು ಇಳಿಜಾರು ಹೊಸದಲ್ಲ, ನನ್ನ ಕಾಲಿನ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ನಮ್ಮ ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗ ಇದ್ದ. 800 ಮೀಟರ್‌ನಲ್ಲಿ ನಾನು ಅವನನ್ನ ಒಂದೇ ಒಂದು ಸಲವೂ ಹಿಡಿಯಲಿಲ್ಲ. ಶಾಲೆಯ ಮೈದಾನ 200 ಮೀಟರಿನದು, ನಾಲ್ಕು ಸುತ್ತು. ಮೂರು ಸುತ್ತು ಅವನ ಬೆನ್ನು ಕಾಣೋದು, ನಾಲ್ಕನೆಯದರಲ್ಲಿ ಅದೂ ಇಲ್ಲ.

ಒಂದು ಸಲ ಸೋತು ಕೂತಾಗ ಹೇಳಿದೆ, "ನಿಂಗೇನೋ, ರಕ್ತದಾಗ ಐತಿ."

ನಾನು ಹೊಗಳಿದೆ ಅಂದ್ಕೊಂಡಿದ್ದೆ. ಅವನು ಹುಲ್ಲಿನ ಕಡ್ಡಿ ಕಿತ್ತು ಹಲ್ಲಲ್ಲಿ ಇಟ್ಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ದಿನಾ ಆರು ಕಿಲೋಮೀಟರ್ ನಡದ್ ಬರ್ತೀನಿ, ಆರು ನಡದ್ ಹೋಗ್ತೀನಿ. ನೀ ಹಾಸ್ಟೆಲ್‌ನ್ಯಾಗ ಮಲಗಿರ್ತಿ. ರಕ್ತದಾಗ ಅಂತ ರಕ್ತದಾಗ."

ಆಗ ನಕ್ಕೆ. ಅರ್ಥ ಆಗಿದ್ದು ನಾನೇ ಮಾಸ್ತರ ಆದ ಮೇಲೆ. ಗೆದ್ದಾಗ ರಕ್ತ ಅಂದ್ರೆ ಅವನು ಬೆಳಗ್ಗೆ ಎದ್ದದ್ದು, ನಡೆದದ್ದು, ವಾಂತಿ ಬರುವಷ್ಟು ಓಡಿದ್ದು ಎಲ್ಲಾ ಯಾರದೋ ಲೆಕ್ಕಕ್ಕೆ ಹೋಗತ್ತೆ. ಸೋತಾಗ ಇನ್ನೂ ಕೆಟ್ಟದು: "ಇಂಥ ರಕ್ತ ಇಟ್ಕೊಂಡೂ ಗೆಲ್ಲಲಿಲ್ಲ, ಸೋಮಾರಿ" ಅಂತಾರೆ. ಗೆದ್ದರೂ ಅವನದ್ದಲ್ಲ, ಸೋತರೆ ಮಾತ್ರ ಅವನದ್ದು.

ಅವನು ಹತ್ತನೇ ತರಗತಿ ಮುಗಿಸಿ ಗೋವೆಗೆ ದುಡಿಯೋಕೆ ಹೋದ. ಯಾವ ಕೂಟದ ದಾಖಲೆಯಲ್ಲೂ ಅವನ ಹೆಸರಿಲ್ಲ. ಎಲ್ಲಾದ್ರೂ ಈ ಪೋಸ್ಟ್ ನೋಡಿದ್ರೆ: ನೀ ಹೇಳಿದ್ದು ಖರೇ ಇತ್ತೋ ದೋಸ್ತ.

6/9
ಫೋಟೋ: ತರಗತಿಯ ಗೋಡೆ ಮೇಲಿನ ಪ್ರಪಂಚದ ನಕಾಶೆ. ಆಫ್ರಿಕಾದ ಜಾಗದಲ್ಲಿ ಕಾಗದ ಸವೆದಿದೆ, ಎಲ್ಲರೂ ಅಲ್ಲೇ ಬೆರಳಿಟ್ಟು.

ಆ 'ರಕ್ತ'ದ ಮಾತು ಮೇಷ್ಟ್ರಾಗಿ ಬಿಡಿಸಿ ನೋಡಿದ್ರೂ ನಿಲ್ಲಲ್ಲ.

ಆಫ್ರಿಕಾ ಒಂದು ಊರಲ್ಲ. ದೂರದ ಓಟ ಗೆಲ್ಲೋ ಕೀನ್ಯಾದವರಲ್ಲಿ ಬಹಳಷ್ಟು ಜನ ಕಲೆಂಜಿನ್ ಅನ್ನೋ ಒಂದೇ ಸಮುದಾಯದವರು, ರಿಫ್ಟ್ ಕಣಿವೆಯ ಎತ್ತರದ ಪ್ರದೇಶದವರು. 100 ಮೀಟರ್ ಗೆಲ್ಲೋ ಜಮೈಕಾದವರ ಪೂರ್ವಜರು ಹೆಚ್ಚಾಗಿ ಆಫ್ರಿಕಾದ ಪಶ್ಚಿಮ ಕಡೆಯವರು. ನಮ್ಮ ಸಿದ್ದಿಯರ ವಂಶವಾಹಿ ಪರೀಕ್ಷೆ ಮಾಡಿದ ವಿಜ್ಞಾನಿಗಳು ಹೇಳೋದು ಅವರ ಆಫ್ರಿಕಾ ಮೂಲ ಬಾಂಟು ಭಾಷಿಕ ಜನರದ್ದು ಅಂತ. ಜೊತೆಗೆ ನೂರಾರು ವರ್ಷ ಇಲ್ಲೇ ಇದ್ದು ಇಲ್ಲಿಯವರ ಜೊತೆ ಬೆರೆತಿದಾರೆ. ಬಣ್ಣ ನೋಡಿ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿದ್ರೆ ಅದು ವಿಜ್ಞಾನ ಆಗಲ್ಲ.

ಜಮೈಕಾದಲ್ಲಿ ಏನಿದೆ ಅಂತ ಯಾರೂ ಹೇಳಲ್ಲ. ಅಲ್ಲಿ ಹೈಸ್ಕೂಲು ಮಕ್ಕಳ ಕ್ರೀಡಾಕೂಟ 1910ರಿಂದ ನಡೀತಾ ಬಂದಿದೆ. ಅದನ್ನ 'ಚಾಂಪ್ಸ್' ಅಂತಾರೆ, ರಾಷ್ಟ್ರೀಯ ಕ್ರೀಡಾಂಗಣ ತುಂಬಿ ತುಳುಕತ್ತೆ. ಉಸೇನ್ ಬೋಲ್ಟ್ ಬಂದದ್ದೂ ಅದೇ ಶಾಲಾ ಕೂಟಗಳಿಂದ. ಕೀನ್ಯಾದ ಇಟೆನ್ ಊರಲ್ಲಿ ಒಂದು ಶಾಲೆ ಇದೆ, ಸೇಂಟ್ ಪ್ಯಾಟ್ರಿಕ್ಸ್. 1976ರಲ್ಲಿ ಐರ್ಲೆಂಡಿನಿಂದ ಬಂದ ಬ್ರದರ್ ಕಾಮ್ ಓ'ಕಾನೆಲ್ ಅಲ್ಲೇ ದಶಕಗಳ ಕಾಲ ಉಳಿದು ಓಟಗಾರರನ್ನ ಬೆಳೆಸಿದ್ರು. 800 ಮೀಟರ್ ವಿಶ್ವದಾಖಲೆಯ ಡೇವಿಡ್ ರುಡಿಶಾ ಅವರದ್ದೇ ಶಿಷ್ಯ. ಆ ಬ್ರದರ್ ಭೂಗೋಳದ ಮೇಷ್ಟ್ರಾಗಿ ಬಂದವರು, ಓಟದ ತರಬೇತಿ ಅಲ್ಲಿಗೆ ಬಂದ ಮೇಲೆ ಕಲಿತದ್ದು.

ಇದನ್ನ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಪದಕ ತಂದದ್ದು ಯಾವ ಖಂಡ ಅನ್ನೋದಲ್ಲ. ಬಿಟ್ಟು ಹೋಗದೇ ಉಳಿದವರು ಯಾರು ಅನ್ನೋದು.

7/9
ಫೋಟೋ: ಹಳಿಯಾಳದ ಕುಸ್ತಿ ಕಣದ ಕೆಂಪು ಮಣ್ಣು, ನನ್ನ ಅಂಗೈಯಲ್ಲಿ.

ಬಿಟ್ಟು ಹೋಗದೇ ಉಳಿದದ್ದು ನಮ್ಮ ಕಡೆ ಏನಾದ್ರೂ ಇದೆಯಾ? ಇದೆ. ಕುಸ್ತಿ.

ಹಳಿಯಾಳ ಅಂದ್ರೆ ಕುಸ್ತಿ ಅಂತ ಧಾರವಾಡ, ಬೆಳಗಾವಿ, ಕೊಲ್ಲಾಪುರದ ಕಡೆಯವರಿಗೂ ಗೊತ್ತು. ಇಲ್ಲಿ ಯಾರೂ ಹೊರಗಿಂದ ಬಂದು ಪ್ರತಿಭೆ 'ಹುಡುಕ'ಬೇಕಾಗಿಲ್ಲ. ಜಾತ್ರೆ ಬಂತು, ಕಣ ಹದ ಮಾಡಿದ್ರು, ಹಲಗೆ ಬಾರಿಸಿದ್ರು, ಹುಡುಗರು ಲಂಗೋಟಿ ಕಟ್ಟಿದ್ರು, ಅಜ್ಜಂದಿರು ಸುತ್ತ ಕೂತು ತಪ್ಪು ಪಟ್ಟಿಗೆ ಬೈದ್ರು. ಆಟ ಗೊತ್ತಿರೋ ಕಣ್ಣುಗಳು ಊರಲ್ಲೇ ಇದಾವೆ. ಪೇಟೆಯಲ್ಲಿ ಕ್ರೀಡಾ ಇಲಾಖೆಯ ಕುಸ್ತಿ ಹಾಸ್ಟೆಲ್ ಇದೆ, ಮಣ್ಣಿನಿಂದ ಮ್ಯಾಟಿಗೆ ಹೋಗೋ ದಾರಿ ಅದು. ಈಗ ಹೆಣ್ಣುಮಕ್ಕಳೂ ಮ್ಯಾಟ್ ಮೇಲೆ ಇದಾರೆ. ಲೀನಾ ಸಿದ್ದಿ, ಶಾಲಿನಾ ಸಿದ್ದಿ ಇಲ್ಲಿಂದಲೇ ಕುಸ್ತಿಯಲ್ಲಿ ಹೆಸರು ಮಾಡಿದವರು. ಗಮನಿಸಿ, ಇದು ಓಟ ಅಲ್ಲ. ಸಿದ್ದಿ ಅಂದ್ರೆ ಓಟ ಅಂತ ಬರೆದಿಟ್ಟವರ ಪುಸ್ತಕದಲ್ಲಿ ಕುಸ್ತಿಯ ಹಾಳೆಯೇ ಇರಲಿಲ್ಲ.

ಮುಂಡಗೋಡ ಕಡೆ ಇನ್ನೊಂದು ಕೆಲಸ ನಡೀತಿದೆ. ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಅನ್ನೋ ಸಂಸ್ಥೆ ಅಲ್ಲೇ ನೆಲೆ ಮಾಡಿ ಮಕ್ಕಳಿಗೆ ಓಟದ ತರಬೇತಿ ಕೊಡ್ತಿದೆ. ಅಲ್ಲಿಂದ ಬೆಳೆದವರಲ್ಲಿ ಒಬ್ಬಳು ನಯನಾ ಕೋಕರೆ, ರಾಷ್ಟ್ರಮಟ್ಟದ ಓಟಗಾರ್ತಿ. ಅವಳು ಸಿದ್ದಿ ಅಲ್ಲ, ಗೌಳಿ ಕುಟುಂಬದವಳು. ಎಮ್ಮೆ ಸಾಕಿ, ಹಾಲು ಬೆಣ್ಣೆ ಮಾರಿ ಕಾಡಂಚಿನಲ್ಲಿ ಬದುಕಿದ ಸಮುದಾಯ. 1987ರಲ್ಲಿ ಬಂದವರು ಬಣ್ಣ ನೋಡಿ ಕೇರಿ ಆರಿಸಿದ್ರು. ಪಕ್ಕದ ಗೌಳಿವಾಡದಲ್ಲಿ, ಜೋಯಿಡಾದ ಕುಣಬಿ ಹಳ್ಳಿಯಲ್ಲಿ ಯಾರು ಎಷ್ಟು ವೇಗ ಓಡ್ತಾರೆ ಅಂತ ಯಾರೂ ಸ್ಟಾಪ್‌ವಾಚ್ ಒತ್ತಲಿಲ್ಲ.

ನಾನೂ ಅಂಥ ಹಳ್ಳಿಯವನೇ. ನನಗೆ ಯಾರೂ ಒತ್ತಲಿಲ್ಲ ಅನ್ನೋ ದುಃಖ ಈಗಿಲ್ಲ. ಆದ್ರೆ ಮರೆತೂ ಇಲ್ಲ.

8/9
ಫೋಟೋ: ಒಂದು ಮನೆಯ ಅಂಗಳ, ಒಣಗಲು ಹಾಕಿದ ಮೆಣಸಿನಕಾಯಿ. ಅನುಮತಿ ಕೇಳಿಯೇ ತೆಗೆದದ್ದು.

ತಾಯಿಯ ಪ್ರಶ್ನೆಗೆ ಉತ್ತರ ಇಲ್ಲದೇ ವಾಪಸ್ ಬಂದಿದ್ದೆ. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಆ ದಿನ ಹುಡುಗಿಯ ಸೋದರಮಾವ ಬಂದಿದ್ರು. ಐವತ್ತರ ಆಸುಪಾಸು, ಕಬ್ಬಿನ ಲಾರಿಗೆ ಲೋಡ್ ಮಾಡೋ ಕೆಲಸ. ಆ ಕಾಲದಲ್ಲಿ ಹುಡುಗನಾಗಿದ್ದಾಗ ಎಲ್ಲೋ ಒಂದು ತರಬೇತಿಗೆ ಹೋಗಿ ವಾಪಸ್ ಬಂದವರು ಅಂತ ತಾಯಿ ಹೇಳಿದ್ರು. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರು ನನಗೆ ಐದು ಪ್ರಶ್ನೆ ಕೇಳಿದ್ರು. ಒಂದೊಂದಕ್ಕೂ ಒಂದೊಂದು ಬೆರಳು ಮಡಚಿ.

"ಹೊಟ್ಟೆಗೆ ಏನ್ ಕೊಡ್ತಾರ? ಪಟ್ಟಿಯೊಳಗ ಇರೋದಲ್ಲ, ತಾಟಿನ್ಯಾಗ."
"ಕಾಲಿಗೆ ಪೆಟ್ಟಾದ್ರ ದವಾಖಾನಿಗೆ ಯಾರು ಒಯ್ತಾರ?"
"ಎಸ್ಸೆಸ್ಸೆಲ್ಸಿ ಪಾಸ್ ಆಗೂ ಹಂಗ ಓದಸ್ತಾರೇನು? ಓಟ ಹೋದ್ರ ಸಾಲಿ ಆದ್ರೂ ಉಳೀಬೇಕಲ್ಲ."
"ಹಬ್ಬಕ್ಕ ಮನಿಗೆ ಬಿಡ್ತಾರೇನು? ಫೋನ್ ಮಾಡಾಕ ಕೊಡ್ತಾರೇನು?"

ಐದನೆಯದು: "ಒಂದಿನ ನಿಲ್ಲಸ್ತೇವಿ ಅಂದ್ರ, ಅದನ್ನ ಅಕಿಗೆ ಯಾರು ಹೇಳ್ತಾರ?"

ಮೊದಲ ನಾಲ್ಕಕ್ಕೆ ನಾನು ಹೋಗಿ ಕೇಳಿಕೊಂಡು ಬರಬಹುದಿತ್ತು. ಐದನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಎಷ್ಟೋ ಮಕ್ಕಳನ್ನ ಆಯ್ಕೆಗೆ ಕರಕೊಂಡು ಹೋಗಿದೀನಿ. ಎತ್ತರ ಅಳೆದ್ರು, ತೂಕ ನೋಡಿದ್ರು, ನಿಂತಲ್ಲಿಂದ ಉದ್ದಕ್ಕೆ ಜಿಗಿಸಿದ್ರು, ಶಟಲ್ ಓಡಿಸಿದ್ರು, 800 ಮೀಟರ್ ಓಡಿಸಿದ್ರು. ಮಗು ಆಯ್ಕೆ ಆದ್ರೆ ನನ್ನ ಕೆಲಸ ಮುಗೀತು ಅಂದ್ಕೊಂಡಿದ್ದೆ. ಅಲ್ಲಿಗೆ ಹೋದ ಮಗು ಆರು ತಿಂಗಳಿಗೆ ಹೇಗಿದೆ ಅಂತ ಒಂದು ಸಲವೂ ಹೋಗಿ ನೋಡಿದವನಲ್ಲ. ನಡುವೆ ಬಿಟ್ಟವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಹಾಗಂತ ಅವರಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂಗಳದ ಆಚೆ ಓಡಾಡ್ತಿದ್ದ ಹುಡುಗಿಯ ಕಡೆ ಗದ್ದ ಎತ್ತಿ ತೋರಿಸಿದ್ರು.

"ಅಕಿ ಓಡುಮುಂದ ಎಡಗೈ ಎದಿ ದಾಟ್ತದ. ನೀವ್ ನೋಡೀರೇನ್ರಿ?"

ನಾನು ನೋಡಿರಲಿಲ್ಲ. ಎರಡು ವರ್ಷದಿಂದ ಓಡಿಸ್ತಾ ಇದ್ದೆ.

"ಹೆಗಲು ತಿರುಗತೈತಿ, ಕಾಲು ಸೆಟದು ಬೀಳೂದಿಲ್ಲ. ಕೊನೀ ನೂರು ಮೀಟರ್‌ಗೆ ಅಲ್ಲೇ ದಮ್ಮು ಹೋಗೂದು."

ಮೂವತ್ತು ವರ್ಷದ ಹಿಂದೆ ಯಾರೋ ಕಲಿಸಿದ್ದು. ಅಲ್ಲಿಂದ ಇಲ್ಲಿವರೆಗೆ ಅದನ್ನ ಯಾರೂ ಇವರ ಹತ್ತಿರ ಕೇಳಿರಲಿಲ್ಲ. ಕಬ್ಬಿನ ಲಾರಿ ಲೋಡ್ ಆಗ್ತಾನೇ ಇತ್ತು.

9/9
ಫೋಟೋ: ಮೈದಾನ, ಬೆಳಗ್ಗೆ ಆರು ಗಂಟೆ. ದೂರದಲ್ಲಿ ಕಾಣೋದು ಇಬ್ಬರು ದೊಡ್ಡವರು, ಹನ್ನೊಂದು ಮಕ್ಕಳು. ಮುಖ ಕಾಣಲ್ಲ, ಬೇಕಂತಲೇ.

ಈಗ ವಾರಕ್ಕೆ ಮೂರು ದಿನ ಸೋದರಮಾವ ನಮ್ಮ ಮೈದಾನಕ್ಕೆ ಬರ್ತಾರೆ. ಏಳೂವರೆಗೆ ಕೆಲಸಕ್ಕೆ ಹೋಗಬೇಕು, ಅದಕ್ಕೆ ಆರಕ್ಕೇ ಶುರು. ಹೆಚ್ಚು ಮಾತಾಡಲ್ಲ. ಮಕ್ಕಳ ಎರಡೂ ಕೈಗೆ ಒಂದೊಂದು ಸಣ್ಣ ಕಲ್ಲು ಕೊಟ್ಟು ನಿಂತಲ್ಲೇ ಕೈ ಬೀಸಿಸ್ತಾರೆ. ಕೈ ಎದೆ ದಾಟಿದ್ರೆ ಕಲ್ಲಿನ ಭಾರ ತಾನೇ ತಿಳಿಸತ್ತೆ. ನನ್ನ ತರಬೇತಿಯ ಯಾವ ಪುಸ್ತಕದಲ್ಲೂ ಈ ಕಲ್ಲು ಇರಲಿಲ್ಲ.

ಹುಡುಗಿ ಶಿರಸಿಯಲ್ಲಿ ನಡೆದ ಶೈಕ್ಷಣಿಕ ಜಿಲ್ಲೆಯ ಕೂಟಕ್ಕೆ ಹೋಗಿ ಬಂದಳು. 600 ಮೀಟರ್‌ನಲ್ಲಿ ಎರಡನೇ ಸ್ಥಾನ. ಗೆಲ್ಲಲಿಲ್ಲ. ಕೈ ಮಾತ್ರ ನೆಟ್ಟಗೆ ಬೀಸಿದ್ಲು. ಟೆಂಪೋದಲ್ಲಿ ವಾಪಸ್ ಬರೋವಾಗ ಯಲ್ಲಾಪುರ ದಾಟೋ ತನಕ ಮಾತಿಲ್ಲ. ಆಮೇಲೆ, "ಸರ್, ಗೆದ್ದೋಳು ನನಗಿಂತ ಎತ್ತರ ಇದ್ಲು, ಮುಂದಿನ ವರ್ಷ ನಾನೂ ಎತ್ತರ ಆಗ್ತೀನಿ" ಅಂದಳು. ರಕ್ತ ಗಿಕ್ತ ಅವಳ ಬಾಯಲ್ಲಿ ಬರಲಿಲ್ಲ.

ಹಾಸ್ಟೆಲಿಗೆ ಕಳಿಸ್ತಾರಾ? ತಾಯಿ ಹೂಂ ಅಂದಿದಾರೆ, ಷರತ್ತಿನ ಮೇಲೆ. ನಾಲ್ಕು ಪ್ರಶ್ನೆಗೆ ಉತ್ತರ ನಾನು ಹೋಗಿ ಕಣ್ಣಾರೆ ನೋಡಿ ತರಬೇಕು. ಐದನೆಯದಕ್ಕೆ ಒಪ್ಪಂದ ಹೀಗೆ: ತಿಂಗಳಿಗೊಂದು ಭಾನುವಾರ ನಾನೋ ಸೋದರಮಾವನೋ ಬಸ್ ಹತ್ತಿ ಹೋಗಿ ಅವಳನ್ನ ನೋಡಿ ಬರೋದು. ಯಾರೇ ನಿಲ್ಲಿಸಿದ್ರೂ ಅವಳಿಗೆ ಹೇಳೋದು ನಾವು, ಕರಕೊಂಡು ಬರೋದು ನಾವು, ಮಾರನೇ ದಿನ ಬೆಳಗ್ಗೆ ಆರಕ್ಕೆ ಇದೇ ಮೈದಾನದಲ್ಲಿ ಓಡಿಸೋದೂ ನಾವು. ತಾಯಿ ಇದನ್ನ ಎರಡು ಸಲ ಹೇಳಿಸಿ ಕೇಳಿಸಿಕೊಂಡ್ರು. ಕಾಗದದ ಮೇಲೆ ಏನೂ ಬರೆದಿಲ್ಲ.

ಇನ್ನು, "ಹೆಸರು ಹೇಳುವಂಥ ಒಬ್ಬ ಆಟಗಾರ ಯಾಕಿಲ್ಲ" ಅಂತ ಕೇಳಿದ ಓದುಗರಿಗೆ. ನಾವು ಹೆಸರು ಹುಡುಕಿದ್ದು ಪದಕದ ಪಟ್ಟಿಯಲ್ಲಿ ಮಾತ್ರ. ಅಲ್ಲಿ ಕಮಲಾ ಸಿದ್ದಿ ಇದಾರೆ, ಇನ್ನೂ ಕೆಲವರು ಇದಾರೆ, ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು. ಆದ್ರೆ ವಾಪಸ್ ಬಂದವರ ಪಟ್ಟಿ ಅದಕ್ಕಿಂತ ಉದ್ದ. ಅವರು ಲಾರಿ ಲೋಡ್ ಮಾಡ್ತಿದಾರೆ, ಗೋವೆಯಲ್ಲಿ ದುಡೀತಿದಾರೆ, ಕಾಡಲ್ಲಿ ಜೇನು ಇಳಿಸ್ತಿದಾರೆ. ಓಡೋದು ಹೇಗೆ ಅನ್ನೋದು ಅವರ ಮೈಗೆ ಇನ್ನೂ ನೆನಪಿದೆ.

ನಿಮ್ಮ ಊರಲ್ಲೂ ಅಂಥವರು ಒಬ್ಬರಾದ್ರೂ ಇರ್ತಾರೆ. ಹೆಸರು ಇಲ್ಲಿ ಬರೀಬೇಡಿ, ಅವರಿಗೆ ಇಷ್ಟ ಆಗದೇ ಇರಬಹುದು. ನಾಳೆ ಬೆಳಗ್ಗೆ ಹೋಗಿ, ನಿಮ್ಮ ಮಗಳು ಓಡೋವಾಗ ಕೈ ಎಲ್ಲಿ ಹೋಗತ್ತೆ ಅಂತ ಒಮ್ಮೆ ನೋಡಿ ಹೇಳ್ತೀರಾ ಅಂತ ಕೇಳಿ.

#ಅಣಶಿ #ಜೋಯಿಡಾ #ಹಳಿಯಾಳ #ಮುಂಡಗೋಡ #ದಾಂಡೇಲಿ #ನಮ್ಮಕಡೆ